ಎರಡನೇ ರ‍್ಯಾಮ್ ಹಾಕಿದ ಮೇಲೆ ನೀಲಿ ಪರದೆ: ಅನುಭವ ಇದ್ದವರು ಹೇಳಿ

ಕೇಳಿದ್ದು, ದಾವಣಗೆರೆಯಿಂದ

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಅಸೆಂಬಲ್ಡ್ ಡೆಸ್ಕ್‌ಟಾಪ್: ಐ3 8100 ಪ್ರೊಸೆಸರ್, ಎಚ್310 ಬೋರ್ಡ್, 8 ಜಿಬಿ 2400 ವೇಗದ ಡಿಡಿಆರ್4 ರ‍್ಯಾಮ್. ಲಗ್ನಪತ್ರಿಕೆ ಸೀಸನ್ ಬಂತಲ್ಲ ಅಂತ ಖಾಲಿ ಇದ್ದ ಎರಡನೇ ಸ್ಲಾಟ್‌ಗೆ ಬೇರೆ ಕಂಪನಿಯ 8 ಜಿಬಿ 3200 ಹಾಕಿಸಿದೆ. ಈಗ ಕೋರೆಲ್, ಫೋಟೋಶಾಪ್ ಒಟ್ಟಿಗೆ ತೆರೆದರೆ ನೀಲಿ ಪರದೆ ಬಂದು ಕಂಪ್ಯೂಟರ್ ನಿಂತುಹೋಗುತ್ತದೆ. ಕೆಲವು ಸಲ ಫ್ಯಾನ್ ತಿರುಗುತ್ತದೆ, ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಹಾಕಿಕೊಟ್ಟವರು "ವಿಂಡೋಸ್ ಹೊಸದಾಗಿ ಹಾಕಿಸಿ" ಅಂತಾರೆ. ಹಾಕಿಸಲಾ?

ಚಿತ್ರದುರ್ಗದಿಂದ

ಬೇಡ ಮೇಡಂ, ಈಗಲೇ ಬೇಡ. ಮಾನಿಟರ್‌ನಲ್ಲಿ ಏನೂ ಬರದೆ ನಿಲ್ಲುತ್ತದೆ ಅಂದರೆ ವಿಂಡೋಸ್ ಇನ್ನೂ ಶುರುವೇ ಆಗಿಲ್ಲ. ಅದರ ಮೇಲೆ ಯಾಕೆ ತಪ್ಪು ಹೊರಿಸಬೇಕು? ನಾನೂ ಹೀಗೇ ಎರಡು ಸಲ ವಿಂಡೋಸ್ ಹಾಕಿಸಿದೆ. ದುಡ್ಡೂ ಹೋಯಿತು, ಮಗಳ ನಾಮಕರಣದ ಫೋಟೋಗಳೂ ಹೋದವು. ಕಡೆಗೆ ನೋಡಿದರೆ ಹೊಸ ರ‍್ಯಾಮೇ ಕೆಟ್ಟಿತ್ತು.

ಮೊದಲು ಒಂದು ಕೆಲಸ ಮಾಡಿ. ಹೊಸದನ್ನು ತೆಗೆದಿಡಿ, ಗಿರಾಕಿಗಳ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ರ‍್ಯಾಮ್ ತಪ್ಪು ಮಾಡುತ್ತಿದ್ದರೆ, ನೀವು ಸೇವ್ ಮಾಡುವ ಫೈಲ್ ಒಳಗೂ ಆ ತಪ್ಪು ಹೋಗಿ ಕೂರುತ್ತದೆ. ಎಷ್ಟೋ ದಿನದ ಮೇಲೆ ಗೊತ್ತಾಗುತ್ತದೆ.

ಇನ್ನು 2400, 3200 ಬೇರೆ ಬೇರೆ ಅನ್ನುವ ಚಿಂತೆ. ಬರೀ ಅದರಿಂದಲೇ ತೊಂದರೆ ಆಗುವುದಿಲ್ಲ. ಎರಡೂ ಸೇರಿದರೆ ನಿಧಾನದ್ದರ ವೇಗಕ್ಕೆ ಇಳಿದು ಓಡುತ್ತವೆ, ಜೋಡಿ ಎತ್ತಿನ ಹಾಗೆ. ನಿಮ್ಮ ಐ3 8100ಕ್ಕೆ 2400ಕ್ಕಿಂತ ಮೇಲೆ ಆಗುವುದೂ ಇಲ್ಲ, ಎರಡೂ 3200 ಹಾಕಿದ್ದರೂ ಅಷ್ಟೇ. ಕಂಪ್ಯೂಟರ್ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ನೋಡಿದರೆ 1200 ಅಂತ ತೋರಿಸುತ್ತದೆ, ಗಾಬರಿ ಆಗಬೇಡಿ. ಡಿಡಿಆರ್ ಅಂದರೆ ಅದರ ಎರಡರಷ್ಟು ಲೆಕ್ಕ.

ಹಾಗಾದರೆ ತಪ್ಪು ಯಾರದು? ರ‍್ಯಾಮಿನದಾ, ಸ್ಲಾಟಿನದಾ, ಎರಡರ ಜೋಡಿಯದಾ? ಒಂದೊಂದೇ ಹಾಕಿ ನೋಡದೆ ಯಾರೂ ಹೇಳಲಾರರು. ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಕಬ್ಬಿಣ ಮುಟ್ಟಿ ಆಮೇಲೆ ಒಳಗೆ ಕೈ ಹಾಕಿ. ಹಳೆಯದೊಂದನ್ನೇ ಮೊದಲ ಸ್ಲಾಟ್‌ಗೆ ಹಾಕಿ, ಮೆಮ್‌ಟೆಸ್ಟ್86 ಅನ್ನುವ ರ‍್ಯಾಮ್ ಪರೀಕ್ಷೆಯ ಸಾಫ್ಟ್‌ವೇರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದ ಬೂಟ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ. ನಾಲ್ಕು ಸುತ್ತು ಪೂರ್ತಿ ಬಿಡಿ, ರಾತ್ರಿ ಹಚ್ಚಿ ಮಲಗಿದರೆ ಆಯಿತು. ನನ್ನದು ಮೂರನೇ ಸುತ್ತಿನಲ್ಲಿ ಸಿಕ್ಕಿಬಿತ್ತು, ಮೊದಲೆರಡು ಸುತ್ತು ಸಾಚಾ ಥರ ಇತ್ತು! ಒಂದೇ ಒಂದು ಎರರ್ ಬಂದರೂ "ಇರಲಿ ಬಿಡು" ಅನ್ನುವ ಹಾಗಿಲ್ಲ. ಆಮೇಲೆ ಹೊಸದನ್ನು ಅದೇ ಸ್ಲಾಟ್‌ನಲ್ಲಿ. ಆಮೇಲೆ ಒಂದೊಂದನ್ನೇ ಎರಡನೇ ಸ್ಲಾಟ್‌ನಲ್ಲಿ.

ಒಂದೇ ರ‍್ಯಾಮ್ ಎರಡೂ ಕಡೆ ಸೋತರೆ ರ‍್ಯಾಮ್ ಕೆಟ್ಟಿದೆ, ಬಿಲ್ ಹಿಡಿದು ವಾಪಸ್ ಕೊಡಿ. ಎರಡೂ ಒಂದೇ ಸ್ಲಾಟ್‌ನಲ್ಲಿ ಸೋತರೆ ಆ ಸ್ಲಾಟ್ ನೋಡಬೇಕು. ಪ್ರೊಸೆಸರ್ ಸರಿಯಾಗಿ ಕೂರದಿದ್ದರೂ, ಸಾಕೆಟ್‌ನ ಪಿನ್ ಬಾಗಿದ್ದರೂ ಹಾಗಾಗುತ್ತದೆ. ಒಂಟಿಯಾಗಿ ಎರಡೂ ಪಾಸು, ಜೋಡಿಯಾದರೆ ಮಾತ್ರ ಜಗಳ ಅಂದರೆ ಆಗ ನಿಜಕ್ಕೂ ಹೊಂದಾಣಿಕೆಯ ತೊಂದರೆ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್) ವೇಗವನ್ನು 2133ಕ್ಕೆ ಇಳಿಸಿ ನೋಡಿ. ಆಗಲೂ ಕೇಳದಿದ್ದರೆ ಬದಲಾಯಿಸಿಕೊಳ್ಳಿ. ಗುದ್ದಾಡುವುದರಲ್ಲಿ ಅರ್ಥ ಇಲ್ಲ.

ದಾವಣಗೆರೆಯಿಂದ, ರಿಪೇರಿ ಕೆಲಸದವನು

ಮೇಲಿನವರು ಹೇಳಿದ್ದು ಸರಿ. ಆದರೆ ಟೆಸ್ಟ್‌ಗೂ ಮುಂಚೆ ಒಂದು ಸಲ ಕ್ಲೀನ್ ಮಾಡಿ. ನಮ್ಮೂರಿನ ದೂಳು ಗೊತ್ತಲ್ಲ. ವರ್ಷಗಟ್ಟಲೆ ಖಾಲಿ ಇದ್ದ ಸ್ಲಾಟ್ ಅಂದರೆ ಅದರೊಳಗೆ ಒಂದು ಹೊಲವೇ ಇರುತ್ತದೆ. ಬ್ಲೋವರ್‌ನಲ್ಲಿ ಊದಿ. ಬಾಯಲ್ಲಿ ಊದಬೇಡಿ, ಎಂಜಲು ಬೀಳುತ್ತದೆ. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ. ಹಾಕುವಾಗ ಎರಡೂ ತುದಿ ಸಮನಾಗಿ ಒತ್ತಬೇಕು, ಟಕ್ ಅನ್ನಬೇಕು. ಅರ್ಧಂಬರ್ಧ ಕೂತ ರ‍್ಯಾಮ್ ನನ್ನ ಹತ್ತಿರ ಬರುವುದೇ ಜಾಸ್ತಿ.

ಇನ್ನೊಂದು. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಆನ್ ಆಗಲು ಸ್ವಲ್ಪ ತಡ ಆಗಬಹುದು. ಒಂದೆರಡು ನಿಮಿಷ ಕಾಯಿರಿ, ಸುಮ್ನೆ ಸ್ವಿಚ್ ಒತ್ತುತ್ತಾ ಇರಬೇಡಿ. ಬಯಾಸ್ ಅಪ್‌ಡೇಟ್ ಮಾಡಿ ಅಂತ ಯಾರಾದರೂ ಹೇಳಿದರೆ ಯುಪಿಎಸ್ ಇಲ್ಲದೆ ಮುಟ್ಟಬೇಡಿ. ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು.

ಇನ್ನೊಬ್ಬರು, ಚಿತ್ರದುರ್ಗದಿಂದ

ನನ್ನದು 8 ಜಿಬಿ, 4 ಜಿಬಿ ಬೇರೆ ಬೇರೆ ಕಂಪನಿಯವು, ವರ್ಷಗಳಿಂದ ಒಂದು ತಕರಾರಿಲ್ಲ. ಇಂಟೆಲ್‌ನಲ್ಲಿ 4 ಮತ್ತು 4 ಡ್ಯುಯಲ್ ಚಾನೆಲ್ (ಎರಡು ದಾರಿಯಲ್ಲಿ ಒಟ್ಟಿಗೆ) ಆಗಿ, ಉಳಿದ 4 ಸಿಂಗಲ್ ಆಗಿ ಓಡುತ್ತದೆ. ಹಾಗಂತ ಎಲ್ಲರಿಗೂ ಅದೃಷ್ಟ ಇರುತ್ತದೆ ಅಂತ ಅಲ್ಲ. ಹೊಸದಾಗಿ ತಗೊಳ್ಳುವವರು ಒಂದೇ ಡಬ್ಬಿಯಲ್ಲಿ ಬರುವ ಜೋಡಿಯನ್ನೇ ತಗೊಳ್ಳಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದರಲ್ಲಿ ಆ ಜೋಡಿ ಹಾಕಬೇಕು.

ಕೇಳಿದವರೇ, ನಾಲ್ಕು ದಿನದ ನಂತರ

ಮೊದಲ ಸ್ಲಾಟ್‌ನಲ್ಲಿ ಎರಡೂ ಪಾಸು. ಎರಡನೆಯದರಲ್ಲಿ ಎರಡಕ್ಕೂ ಕೆಂಪು ಗೆರೆಗಳ ಸಾಲು. ಕ್ಲೀನ್ ಮಾಡುವುದು ಬಿಟ್ಟು ನೇರ ಟೆಸ್ಟ್‌ಗೇ ಹೋಗಿದ್ದೆ, ನನ್ನದೇ ತಪ್ಪು. ಬ್ಲೋವರ್ ಹಿಡಿದರೆ ರಿಪೇರಿಯವರು ಹೇಳಿದ ಹೊಲವೇ ಹೊರಗೆ ಬಂತು! ಮತ್ತೆ ಎರಡನ್ನೂ ಹಾಕಿ ರಾತ್ರಿಯೆಲ್ಲಾ ಬಿಟ್ಟೆ. ನಾಲ್ಕು ಸುತ್ತು, ಸೊನ್ನೆ ಎರರ್. 2400ರಲ್ಲೇ ಓಡುತ್ತಿದೆ. ನಿನ್ನೆಯಿಂದ ನೀಲಿ ಪರದೆ ಬಂದಿಲ್ಲ. ಬಿಲ್ ಮಾತ್ರ ಡ್ರಾಯರ್‌ನಲ್ಲೇ ಇಟ್ಟಿದ್ದೇನೆ.