ಮನೆ ಕಟ್ಟುವ ಪರವಾನಗಿ ಅರ್ಜಿ: ಜಾಗದ ಅಳತೆ ಯಾವ ಕಾಗದದ್ದು ಬರೀಬೇಕು?

ಮಾಳಮಡ್ಡಿ ಸೊಸೆ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೇ ಹಂಚಿನ ಮನೆ. ಮಳೆ ಹತ್ತಿತು ಅಂದರೆ ಪಡಸಾಲೆ ತುಂಬ ಬೋಗುಣಿ. ಅದನ್ನ ಕೆಡವಿ ಹೊಸದು ಕಟ್ಟಬೇಕು ಅಂತ ಹೊರಟಿದ್ದೇವೆ. ಇಂಜಿನಿಯರ್ ನಕಾಶೆ ತೆಗೆದಿದ್ದಾನೆ, ಆನ್‌ಲೈನ್ ಅರ್ಜಿ ಅವನೇ ಹಾಕುತ್ತಾನೆ. ಅದಕ್ಕೆ ಬೇಕಾದ ವಿವರ ಮಾತ್ರ ನಾವು ತುಂಬಿ ಕೊಡಬೇಕಂತೆ. ನಮ್ಮ ಯಜಮಾನರು ಫಾರ್ಮ್ ಕಂಡರೆ ಚಪ್ಪಲಿ ಹುಡುಕುತ್ತಾರೆ, ಹಾಗಾಗಿ ಎಲ್ಲಾ ನನ್ನ ತಲೆಗೆ ಬಂತು.

ವಾಟ್ನಿ ಪತ್ರದಲ್ಲಿ, ಅಂದರೆ ಮನೆ ಪಾಲು ಮಾಡಿಕೊಂಡ ಕಾಗದದಲ್ಲಿ, ಜಾಗ 30×40 ಅಡಿ, ಅಂದರೆ 1200 ಚದರ ಅಡಿ. ಸಿಟಿ ಸರ್ವೇ ಉತಾರದಲ್ಲಿ (ಸರ್ವೇ ಕಚೇರಿಯ ಜಾಗದ ದಾಖಲೆ) 109.2 ಚದರ ಮೀಟರ್. ಲೆಕ್ಕ ಹಾಕಿದರೆ 1175 ಚದರ ಅಡಿ ಆಗುತ್ತೆ. ಯಾವುದು ಬರೀಲಿ? ಉತಾರದಲ್ಲಿ ಅತ್ತೆಯವರ ಹೆಸರಿದೆ, ಕರದ ರಸೀದಿಯಲ್ಲಿ ಇನ್ನೂ ತೀರಿಹೋದ ಮಾವನವರದ್ದೇ. ಇನ್ನೊಂದು, ಕಟ್ಟಡದ ಅಂದಾಜು ವೆಚ್ಚ ಒಂಬತ್ತೂವರೆ ಲಕ್ಷ ಅಂತ ಬರೀರಿ, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟೋ ಸೆಸ್ ಉಳಿಯುತ್ತೆ ಅಂತ ಓಣಿಯವರು ಹೇಳ್ತಾರೆ. ಖರೇ ಖರ್ಚು 28 ಲಕ್ಷ ಆಗುತ್ತೆ.

ನಿವೃತ್ತ ಮೋಜಣಿದಾರ, ಹುಬ್ಬಳ್ಳಿ

ತಂಗೀ, 109.2 ಅಂತಲೇ ಬರೆಯಿರಿ. ಎರಡು ದಾಖಲೆಯಲ್ಲಿ ಅಳತೆ ಬೇರೆ ಇದ್ದರೆ ಕಡಿಮೆ ಇರುವುದನ್ನು ಹಿಡಿಯುವುದೇ ಕ್ಷೇಮ. ನಕಾಶೆಯೂ ಅದಕ್ಕೇ ಹೊಂದಬೇಕು. 1200 ಹಿಡಿದು ಹಿಂದೆ ಮುಂದೆ ಬಿಡುವ ಜಾಗ ತೋರಿಸಿದ್ದರೆ ಈಗಲೇ ತಿದ್ದಿಸಿ.

ನಿಮ್ಮ ಲೆಕ್ಕ ನೋಡಿದೆ. 30 ಅಡಿ ಅಗಲ ಸರಿ ಇದ್ದರೆ ಉದ್ದದಲ್ಲಿ ಸುಮಾರು 10 ಇಂಚು ಕಮ್ಮಿ ಬೀಳುತ್ತದೆ. ಹಿಂದಿನ ಗೋಡೆ ಪಾಲುದಾರರ ಜೊತೆ ಕೂಡು ಗೋಡೆಯೇ? ಹಳೇ ಮಣ್ಣಿನ ಗೋಡೆ ಒಂದೂವರೆ ಅಡಿಗೆ ಕಮ್ಮಿ ಇರುವುದಿಲ್ಲ. ವಾಟ್ನಿ ಮಾಡುವಾಗ ಮನೆ ಮಂದಿ ಗೋಡೆಯ ಆಚೆ ಮೈಯಿಂದ ಹಗ್ಗ ಹಿಡಿದಿರುತ್ತಾರೆ, ಸರ್ವೇದವರು ಗೋಡೆಯ ನಡುಮಧ್ಯಕ್ಕೆ ಗಡಿ ಹಾಕಿರುತ್ತಾರೆ. ಇಂಥದ್ದು ಬೇಕಾದಷ್ಟು ನೋಡಿದ್ದೇನೆ. ಅನುಮಾನ ಇದ್ದರೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತು ಹಾಕಿಸಲಿಕ್ಕೆ, ಅರ್ಜಿ ಕೊಡಿ. ಆದರೆ ಗೋಡೆ ನಿಂತಿರುವಾಗಲೇ ಅಳೆಸಿ. ಕೆಡವಿದ ಮೇಲೆ ಗುರುತು ಎಲ್ಲಿಂದ ತರ್ತೀರಿ?

ಗದಗ ಬೆಟಗೇರಿ

ಕರದ ರಸೀದಿ ಹೆಸರನ್ನ ಮೊದಲು ಬದಲಾಯಿಸಿಕೊಳ್ರಿ ಅಕ್ಕಾರ. ಮರಣ ಪತ್ರ, ಉತಾರ ಹಚ್ಚಿ ಪಾಲಿಕೆಯ ಕಂದಾಯ ವಿಭಾಗಕ್ಕೆ ಅರ್ಜಿ ಕೊಡ್ರಿ. ಅರ್ಜಿದಾರರ ಕಾಲಮ್ಮಿನಲ್ಲಿ ಅತ್ತೆಯವರ ಹೆಸರೇ ಬರಬೇಕು, ಸಹಿಯೂ ಅವರದ್ದೇ. ಮಗ ಕಟ್ಟಿಸ್ತಾನೆ ಅಂತ ಮಗನ ಹೆಸರು ಬರೆದರೆ ಆಗಲ್ಲ.

ಕೇಶ್ವಾಪುರ ಕಾಂಟ್ರಾಕ್ಟರ್

ಒಂಬತ್ತೂವರೆ ಲಕ್ಷ ಹಳೇ ಲೆಕ್ಕ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಸ್ವಂತ ವಾಸದ ಮನೆಗೆ 10 ಲಕ್ಷದವರೆಗೆ ವಿನಾಯಿತಿ ಇತ್ತು, ಅದು ದಾಟಿದರೆ ನೂರಕ್ಕೆ 1 ಸೆಸ್. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿಯನ್ನು 50 ಲಕ್ಷಕ್ಕೆ ಏರಿಸಿದ್ದಾರೆ. ಕೌಂಟರಿನಲ್ಲಿ ಯಾವುದು ಹಿಡಿಯುತ್ತಾರೆ ಅಂತ ಕೇಳಿಕೊಳ್ಳಿ. ಹಳೇ ಲೆಕ್ಕವೇ ಹಿಡಿದರೂ 28 ಸಾವಿರ. ಅದನ್ನು ಉಳಿಸಲಿಕ್ಕೆ ಸುಳ್ಳು ಬರೆದರೆ ನಾಳೆ ಸಾಲಕ್ಕೆ ಹೋದಾಗ ಬ್ಯಾಂಕಿನವರ ಮುಂದೆ ಒಂಬತ್ತೂವರೆ ಒಂದು ಕಾಗದ, 28 ಇನ್ನೊಂದು ಕಾಗದ. ಸುಮ್ನೆ ಯಾಕೆ?

ಅರ್ಜಿಯಲ್ಲಿ ಪುನರ್ ನಿರ್ಮಾಣ ಅಂತ ಗುರುತು ಹಾಕಿದ್ದೀರಿ ಅಲ್ವಾ? ಖಾಲಿ ಜಾಗ ಅಂತ ಹಾಕಿದರೆ ಕರದ ರಸೀದಿಯಲ್ಲಿರುವ ಹಳೇ ಮನೆ ಎಲ್ಲಿ ಅಂತ ಕೇಳ್ತಾರೆ.

ಮಾಳಮಡ್ಡಿ ಸೊಸೆ

ಎಲ್ಲರಿಗೂ ಥ್ಯಾಂಕ್ಸ್ ರೀ. ಮೋಜಣಿ ಅಣ್ಣಾರು ಹೇಳಿದ್ದೇ ನಿಜ ಇರಬೇಕು, ಹಿಂದಿನದು ಕೂಡು ಗೋಡೆಯೇ, ಆಚೆ ಕಡೆ ಸಣ್ಣ ಮಾವನವರ ಮನೆ. ಟೇಪ್ ಹಿಡಿದೆವು, 20 ಇಂಚು ದಪ್ಪ ಬಂತು. ಸಣ್ಣ ಮಾವನವರು ಅರ್ಧ ಗೋಡೆ ನಮ್ಮದು, ಅದಕ್ಕೆ ಹಾರೆ ಮುಟ್ಟಿಸಬೇಡಿ ಅಂತಾರೆ. ನಮ್ಮ ಅರ್ಧ ಮಾತ್ರ ಕೆಡವೋದು ಹೇಗೆ, ಕಾಂಟ್ರಾಕ್ಟರ್ ಅಣ್ಣಾರೇ ಹೇಳಬೇಕು.