‘ವಕ್ರೀಭವನ’ಕ್ಕೆ ಬೋರ್ಡಿನ ಮೇಲೆ ಏನು ಬರೆಸಲಿ?

ಎಲ್ಲರಿಗೂ ನಮಸ್ಕಾರ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬೋರ್ಡ್ ಬರೆಸಬೇಕು, ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ಗಾಜಿನ ಲೋಟದಲ್ಲಿ ನೀರು, ಅದರೊಳಗೆ ಓರೆಯಾಗಿ ಇಟ್ಟ ಪೆನ್ಸಿಲ್. ನೀರಿನ ಮಟ್ಟದಲ್ಲಿ ಮುರಿದ ಹಾಗೆ ಕಾಣುತ್ತದೆ. ಬೆಳಕು ಹೀಗೆ ದಾರಿ ಬದಲಿಸುವುದಕ್ಕೆ ಪಠ್ಯಪುಸ್ತಕ ಕೊಡುವ ‘ವಕ್ರೀಭವನ’ ಚಿಕ್ಕ ಮಕ್ಕಳ ನಾಲಿಗೆಗೆ ಹೊರಳುವುದಿಲ್ಲ. ‘ಬೆಳಕಿನ ಬಾಗು’ ಅಂದರೆ ನಡೆಯುತ್ತಾ? ಗಾಳಿಗೆ ಹೋಲಿಸಿ ನೀರು, ಗಾಜಿನಂಥವನ್ನು ಪುಸ್ತಕ ಕರೆಯುವ ‘ಸಾಂದ್ರ ಮಾಧ್ಯಮ’ಕ್ಕೂ ಏನಾದರೂ ಹೇಳಿ.

> ‘ಬೆಳಕಿನ ಬಾಗು’ ಅಂದರೆ ನಡೆಯುತ್ತಾ?

ನಡೆಯಲ್ಲ. ಬಾಗುವುದು ಬಿಲ್ಲು. ಬೆಳಕು ನೀರಿನೊಳಗೂ ನೇರ, ಹೊರಗೂ ನೇರ. ತಿರುಗುವುದು ಗಡಿಯಲ್ಲಿ ಮಾತ್ರ. ‘ವಕ್ರ’ಕ್ಕೂ ಇದೇ ತಕರಾರು. ಇಂಗ್ಲಿಷಿನ ‘ರಿಫ್ರಾಕ್ಷನ್’ ಪದದ ಲ್ಯಾಟಿನ್ ಮೂಲದಲ್ಲೂ ಮುರಿಯುವುದು ಅಂತಲೇ ಅರ್ಥ. ತಮಿಳರು ‘ಒಳಿ ವಿಲಗಲ್’ ಅಂತ ತಮ್ಮದೇ ಪದ ಕಟ್ಟಿಕೊಂಡರು. ನಾವು ‘ಬೆಳಕಿನ ಮುರಿವು’ ಅನ್ನೋಣ. ಸಂಸ್ಕೃತದ ಹಂಗು ಸಾಕು.

> ಸಂಸ್ಕೃತದ ಹಂಗು ಸಾಕು.

ಮತ್ತೆ ಶುರು! ಆ ಲೋಟದ ‘ಗಾಜು’ ಬಂದದ್ದೇ ‘ಕಾಚ’ದಿಂದ. ಅದನ್ನೂ ವಾಪಸ್ ಕಳಿಸುತ್ತೀರಾ? (‘ವಾಪಸ್’ ಪಾರಸಿಯದು, ಗೊತ್ತು, ಸುಮ್ನಿರಿ.) ‘ಮುರಿವು’ ಅಂದರೆ ಮಕ್ಕಳು ಬೆಳಕು ತುಂಡಾಯಿತು ಅಂದುಕೊಳ್ಳುತ್ತಾರೆ. ಮತ್ತೆ, ಬೆಳಕು ನಿಜವಾಗಿಯೂ ಬಾಗುವುದುಂಟು. ಬೇಸಿಗೆಯಲ್ಲಿ ಟಾರು ರಸ್ತೆ ಮೇಲೆ ನೀರು ನಿಂತಂತೆ ಕಾಣುತ್ತದಲ್ಲ, ಅಲ್ಲಿ ಗಾಳಿಯ ಬಿಸಿ ಪದರದಿಂದ ಪದರಕ್ಕೆ ಬದಲಾಗುತ್ತಾ ಹೋಗುತ್ತದೆ, ಬೆಳಕು ಮೆಲ್ಲಗೆ ಬಾಗಿಯೇ ಬರುತ್ತದೆ. ಅದೂ ವಕ್ರೀಭವನವೇ. ತೆಲುಗಿನವರು ಇದೇ ಪದದಲ್ಲಿ ಆರಾಮಾಗಿದ್ದಾರೆ.

‘ಸಾಂದ್ರ’ವನ್ನು ಇಬ್ಬರೂ ಮುಟ್ಟಲಿಲ್ಲ, ತೊಡಕಿರುವುದೇ ಅಲ್ಲಿ. ಕೊಬ್ಬರಿ ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಆದರೆ ಅದರ ವಕ್ರೀಭವನ ಸೂಚ್ಯಂಕ (ಖಾಲಿ ಜಾಗಕ್ಕಿಂತ ಅದರಲ್ಲಿ ಬೆಳಕು ಎಷ್ಟು ಪಟ್ಟು ನಿಧಾನ ಅನ್ನುವ ಲೆಕ್ಕ) ಸುಮಾರು 1.45, ನೀರಿನದು 1.33. ಈಗ ಯಾವುದು ‘ಸಾಂದ್ರ’? ಇಲ್ಲಿ ತೂಕದ ಮಾತೇ ಬೇಡ, ವೇಗ ನೋಡಿ. ಖಾಲಿ ಜಾಗದಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಓಡಿದರೆ ನೀರಿನಲ್ಲಿ 2.25 ಲಕ್ಷ. ಓರೆಯಾಗಿ ಬಂದ ಅಲೆಯ ಒಂದು ತುದಿ ಮೊದಲು ನೀರಿಗಿಳಿದು ನಿಧಾನವಾಗುತ್ತದೆ, ಇನ್ನೊಂದು ತುದಿ ಇನ್ನೂ ಗಾಳಿಯಲ್ಲಿ ಜೋರಾಗಿಯೇ ಇರುತ್ತದೆ. ಹಾಗಾಗಿ ಅಲೆ ತಿರುಗುತ್ತದೆ. ನೆಟ್ಟಗೆ ಬಿದ್ದರೆ ನಿಧಾನವಾಗುತ್ತದೆ, ಆದರೆ ತಿರುಗುವುದಿಲ್ಲ. ‘ಬೆಳಕು ನಿಧಾನವಾಗುವ ವಸ್ತು’ ಅಂತ ಬರೆಸಿ, ಮುಗೀತು.

ಧನ್ಯವಾದಗಳು. ‘ನೀರಿಗಿಳಿಯುವಾಗ ಬೆಳಕು ದಾರಿ ಬದಲಿಸುತ್ತದೆ’ ಅಂತ ದೊಡ್ಡದಾಗಿ, ಕೆಳಗೆ ‘ವಕ್ರೀಭವನ’ ಅಂತ ಸಣ್ಣದಾಗಿ ಬರೆಸುತ್ತೇನೆ.

‘ಇಳಿಯುವಾಗ’ ಅಲ್ಲ. ಪೆನ್ಸಿಲ್ ಮುರಿದಂತೆ ಕಾಣುವುದು ನೀರಿನಿಂದ ಕಣ್ಣಿಗೆ ಬರುವ ಬೆಳಕಿನಿಂದ. ‘ನೀರಿನಿಂದ ಹೊರಬರುವಾಗ’ ಅಂತ ತಿದ್ದಿ. ಮತ್ತೆ ‘ಬೋರ್ಡ್’ ಯಾಕೆ? ಹಲಗೆ ಇಲ್ವಾ?