ಬೀಜಗಣಿತ, ತ್ರಿಕೋನಮಿತಿಯಲ್ಲಿ ತೊಡಕು: ಯಾವ ನೆರವು ಕೆಲಸಕ್ಕೆ ಬಂತು?

ಒಬ್ಬ ತಂದೆಯ ಪ್ರಶ್ನೆ: ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ತರಗತಿಯಲ್ಲಿ ಎಲ್ಲ ಅರ್ಥವಾಗುತ್ತದೆ ಎನ್ನುತ್ತಾಳೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ. ಮನೆಪಾಠ ಹಾಕಿಸಬೇಕೇ, ಅಥವಾ ಗಣಿತವನ್ನು ಒಂದು ಸೆಮಿಸ್ಟರ್ ಮುಂದೂಡಿ ಹಳೆಯದನ್ನು ಸರಿಪಡಿಸಿಕೊಳ್ಳಬೇಕೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಗಣಿತ ಉಪನ್ಯಾಸಕಿಯೊಬ್ಬರು: ಎರಡಕ್ಕೂ ಮೊದಲು ಅವಳ ಉತ್ತರಪತ್ರಿಕೆಗಳನ್ನು ತೆಗೆದು ನೋಡಿ. ಅಂಕವನ್ನಲ್ಲ, ಲೆಕ್ಕ ಯಾವ ಸಾಲಿನಲ್ಲಿ ದಾರಿ ತಪ್ಪಿದೆ ಎಂಬುದನ್ನು. ತ್ರಿಕೋನಮಿತಿ ಬರುವುದಿಲ್ಲ ಎಂದು ನನ್ನ ಬಳಿ ಬರುವ ಬಹಳ ಮಕ್ಕಳಿಗೆ ತೊಂದರೆ ಇರುವುದು ಅಲ್ಲಲ್ಲ. ಸೂತ್ರ ಸರಿಯಾಗಿಯೇ ಬರೆದಿರುತ್ತಾರೆ. ಮುಂದಿನ ಸಾಲಿನಲ್ಲಿ ಭಿನ್ನರಾಶಿಯ ಛೇದ ಮಾಯವಾಗುತ್ತದೆ, ಆವರಣ ಬಿಡಿಸುವಾಗ ಋಣಚಿಹ್ನೆ ಮೊದಲ ಪದಕ್ಕಷ್ಟೇ ತಗಲುತ್ತದೆ. ಸಮೀಕರಣದ ಎರಡೂ ಬದಿಯಲ್ಲಿ ಸೈನ್ ಕಂಡೊಡನೆ ಅದರಿಂದ ಭಾಗಿಸಿ ಮುಗಿಸುತ್ತಾರೆ, ಸೈನ್ ಸೊನ್ನೆಯಾಗುವ ಉತ್ತರಗಳು ಅಲ್ಲೇ ಕಳೆದುಹೋಗುತ್ತವೆ. ಒಂದು ಬದಿಗೆ ತಂದು ಅಪವರ್ತಿಸಿದ್ದರೆ ಉಳಿಯುತ್ತಿದ್ದವು. ಇದೆಲ್ಲ ಬೀಜಗಣಿತವೇ.

ಇನ್ನೊಂದು ಹಳೆಯ ಕಾಯಿಲೆ: ಮೊತ್ತದ ವರ್ಗವೆಂದರೆ ವರ್ಗಗಳ ಮೊತ್ತ, ಎರಡು ಕೋನಗಳ ಮೊತ್ತದ ಸೈನ್ ಎಂದರೆ ಸೈನ್‌ಗಳ ಮೊತ್ತ ಎಂದು ಬರೆದುಬಿಡುವುದು. ಬೈದು ಪ್ರಯೋಜನವಿಲ್ಲ, ಸಂಖ್ಯೆ ಹಾಕಿ ನೋಡಲು ಹೇಳಬೇಕು. 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49, ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರೆ 25. 30 ಡಿಗ್ರಿಯ ಸೈನ್ 0.5, ಅಂಥ ಎರಡು ಸೇರಿದರೆ 1. ಆದರೆ 60 ಡಿಗ್ರಿಯ ಸೈನ್ ಸುಮಾರು 0.866. (ಸಂಖ್ಯೆ ಹೊಂದಿತೆಂದ ಮಾತ್ರಕ್ಕೆ ಸೂತ್ರ ಸಾಧಿತವಾಗುವುದಿಲ್ಲ. ಹೊಂದದಿದ್ದರೆ ತಪ್ಪಂತೂ ಖಚಿತ.)

ಮುಂದೂಡುವುದು ನನಗೆ ಒಪ್ಪಿಗೆಯಿಲ್ಲ. ಹಳೆಯದನ್ನೆಲ್ಲ ಮೊದಲಿನಿಂದ ಕಲಿಸುವ ಕೋರ್ಸಿನಲ್ಲಿ ಮಕ್ಕಳು ಬೇಸತ್ತು ಕೈಬಿಡುವುದೇ ಹೆಚ್ಚು. ಈ ವಾರದ ಪಾಠಕ್ಕೆ ಬೇಕಾದ ಹಳೆಯ ಭಾಗವನ್ನು ಈ ವಾರವೇ ಹೆಚ್ಚುವರಿ ತರಗತಿಯಲ್ಲಿ ರಿಪೇರಿ ಮಾಡಿದರೆ ಅದು ಕೂಡಲೇ ಬಳಕೆಗೆ ಬರುತ್ತದೆ, ಹಾಗಾಗಿ ನಿಲ್ಲುತ್ತದೆ.

ಕಿರಿಯರಿಗೆ ಲೆಕ್ಕ ಹೇಳಿಕೊಡುವ ಅಂತಿಮ ವರ್ಷದ ವಿದ್ಯಾರ್ಥಿ: ಸರ್, ‘ತರಗತಿಯಲ್ಲಿ ಅರ್ಥವಾಗುತ್ತದೆ’ ಎಂಬ ಮಾತನ್ನು ಅಷ್ಟು ನಂಬಬೇಡಿ. ಬೇರೆಯವರು ಬಿಡಿಸಿದ ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಅದೇ ಲೆಕ್ಕವನ್ನು ಮರುದಿನ ಟಿಪ್ಪಣಿ ಮುಚ್ಚಿಟ್ಟು ಖಾಲಿ ಹಾಳೆಯಲ್ಲಿ ಮಾಡಿಸಿ, ಎಲ್ಲಿ ನಿಲ್ಲುತ್ತಾಳೋ ಅಲ್ಲಿಂದ ಹೇಳಿಕೊಡಿ. ಅಭ್ಯಾಸದ ಲೆಕ್ಕಗಳನ್ನೂ ಅಧ್ಯಾಯವಾರು ಮಾಡದೆ ಕಲಸಿ ಕೊಡಿ. ಒಂದೇ ಅಧ್ಯಾಯದ ಇಪ್ಪತ್ತು ಲೆಕ್ಕ ಮಾಡುವಾಗ ಯಾವ ವಿಧಾನ ಬೇಕೆಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಪರೀಕ್ಷೆ ಕೇಳುವುದು ಅದನ್ನೇ.

ಮನೆಪಾಠದ ಶಿಕ್ಷಕರೊಬ್ಬರು: ಕ್ಯಾಲ್ಕುಲೇಟರ್ ನೋಡಿದಿರಾ? ಅದು ಡಿಗ್ರಿಯ ಬದಲು ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದ್ದರೆ 30ರ ಸೈನ್ −0.988 ಎಂದು ತೋರಿಸುತ್ತದೆ, ಹುಡುಗರು ಹಾಗೆಯೇ ಬರೆದಿಟ್ಟು ಬರುತ್ತಾರೆ.

ಸೂತ್ರಗಳ ಪಟ್ಟಿ ಗೋಡೆಗೆ ಅಂಟಿಸುವುದನ್ನು ನಾನು ನಿಲ್ಲಿಸಿದ್ದೇನೆ. ತ್ರಿಜ್ಯ 1 ಇರುವ ವೃತ್ತವೊಂದನ್ನು ದಿನವೂ ಕೈಯಲ್ಲೇ ಬರೆಸುತ್ತೇನೆ. ಬಿಂದುವಿನ ಅಡ್ಡ ದೂರ ಕೊಸೈನ್, ಎತ್ತರ ಸೈನ್. ಯಾವ ಚತುರ್ಥಕದಲ್ಲಿ ಯಾವುದು ಋಣ ಎಂಬುದು ಚಿತ್ರದಲ್ಲೇ ಕಾಣುತ್ತದೆ. ಎರಡರ ವರ್ಗಗಳ ಮೊತ್ತ 1 ಎನ್ನುವುದು ಪೈಥಾಗೊರಸ್ ಪ್ರಮೇಯವೇ. ಅದನ್ನು ಕೊಸೈನ್ ವರ್ಗದಿಂದ ಭಾಗಿಸಿದರೆ ಟ್ಯಾಂಜೆಂಟ್ ಮತ್ತು ಸೀಕೆಂಟ್‌ಗಳ ಸೂತ್ರ ಸಿಗುತ್ತದೆ. ಜಿಯೋಜೆಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಬಿಂದುವನ್ನು ಎಳೆದು ನೋಡುವುದೂ ಒಳ್ಳೆಯದೇ, ಆದರೆ ಕೈಯಲ್ಲಿ ಬರೆದ ಮೇಲೆ.

ಮತ್ತೆ ಉಪನ್ಯಾಸಕಿ: ಒಂದು ಮಾತು ಬಿಟ್ಟುಹೋಗಿತ್ತು. ಸಂದೇಹ ಕೇಳಲು ಬರುವಾಗ ‘ಏನೂ ಗೊತ್ತಾಗಲಿಲ್ಲ’ ಎಂದರೆ ನಮಗೂ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ. ಅರ್ಧಕ್ಕೆ ನಿಂತ ಲೆಕ್ಕವನ್ನೇ ತರಲಿ, ನಿಂತ ಸಾಲಿನ ಪಕ್ಕದಲ್ಲಿ ಗುರುತು ಹಾಕಿಕೊಂಡು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.